ಶಿವಾನಂದನ ಬಲಗೈ

ಮೊನ್ನೆ ಮನೆಯ ಗ್ರೈಂಡರಿಗೆ ಒಂದು ಬೇರಿಂಗ್ ಹುಡುಕಿಕೊಂಡು ಪೀಣ್ಯಕ್ಕೆ ಹೋಗಿದ್ದೆ. ಮೆಟ್ರೊ ಮೆಟ್ಟಿಲಿಳಿದು ಅಡ್ಡರಸ್ತೆಗೆ ತಿರುಗುವಷ್ಟರಲ್ಲಿ ಬಿಸಿ ಕಬ್ಬಿಣದ ಮೇಲೆ ಸುರಿದ ಎಣ್ಣೆಯ ವಾಸನೆ, ಅದರ ಜೊತೆಗೆ ಮಳೆಗೆ ನೆನೆದ ಮರದ ಪುಡಿಯ ವಾಸನೆ ಮೂಗಿಗೆ ಬಡಿಯಿತು. ಪಕ್ಕದ ಟೀ ಅಂಗಡಿಯ ಕಂಬ ಹಿಡಿದು ನಿಂತೆ. ಅಂಗಡಿಯವನು, "ಯಾಕ್ ಮೇಡಂ, ತಲೆ ಸುತ್ತಿತಾ? ನೀರ್ ಕೊಡ್ಲಾ?" ಎಂದು ಕೇಳಿದ. ನೀರು ಕುಡಿದೆ. ಬೇರಿಂಗ್ ಕೊಳ್ಳದೆಯೇ ಜಾಲಹಳ್ಳಿಗೆ ವಾಪಸಾದೆ. ಮೈಯಲ್ಲಿ ಇನ್ನೂ ಕೂತಿರುವ ಆ ಮಳೆಗಾಲವನ್ನು ಒಮ್ಮೆ ಬರೆದಿಡೋಣ ಎಂದು ಅವತ್ತೇ ಅನ್ನಿಸಿತು.

ಆ ವರ್ಷ ನಾನು ಕೆಲಸ ಮಾಡುತ್ತಿದ್ದ ಕಚೇರಿ ಅದೇ ಅಡ್ಡರಸ್ತೆಯಲ್ಲಿತ್ತು. ಕೆಳಗೆ ತಗಡು ಕತ್ತರಿಸುವ ಪವರ್ ಪ್ರೆಸ್‌ಗಳ ಶೆಡ್ಡು, ಮೇಲಿನ ಮಹಡಿಯಲ್ಲಿ ನಾವು. ಬಾಡಿಗೆ ಕಡಿಮೆ ಎಂದು ಕಚೇರಿಯ ಮಾಲೀಕರಾದ ಪ್ರಭಾಕರ್ ಅದನ್ನು ಹಿಡಿದಿದ್ದರು. ಕೆಳಗೆ ಪ್ರೆಸ್ ಬಿದ್ದಾಗಲೆಲ್ಲ ಮೇಲೆ ನಮ್ಮ ಲೋಟದ ಕಾಫಿ ನಡುಗುತ್ತಿತ್ತು. ಶಾಲೆ ಕಾಲೇಜುಗಳ ವೆಬ್‌ಸೈಟುಗಳನ್ನು ಕಣ್ಣು ಕಾಣದವರು, ಕಿವಿ ಕೇಳದವರು, ಮೌಸ್ ಹಿಡಿಯಲಾರದವರು ತಾವಾಗಿಯೇ ಬಳಸಬಲ್ಲರೇ ಎಂದು ಪರೀಕ್ಷಿಸಿ, ಎಲ್ಲಿ ತೊಡಕಿದೆಯೋ ಅದನ್ನು ಸರಿಮಾಡಿಸುವುದು ನಮ್ಮ ಕೆಲಸ. ಹಾಗೆ ಇರಲೇಬೇಕು ಎಂಬ ಕಾನೂನು ಹೊರದೇಶಗಳಲ್ಲೂ ಇತ್ತು, ನಮ್ಮಲ್ಲೂ ಇತ್ತು. ಹೊರದೇಶದವರು ಕೋರ್ಟಿಗೆ ಹೆದರಿ ನಮ್ಮ ಹತ್ತಿರ ಬರುತ್ತಿದ್ದರು. ನಮ್ಮ ಕಾಲೇಜಿನವರು ನೋಟಿಸ್ ಬಂದ ಮೇಲೆ ಬರುತ್ತಿದ್ದರು.

ನಾನು ದಾವಣಗೆರೆಯವಳು. ಪರೀಕ್ಷೆಯ ತಂಡಕ್ಕೆ ನಾನೇ ಮೇಲ್ವಿಚಾರಕಿ. ತಂಡದಲ್ಲಿ ಎಲ್ಲರಿಗಿಂತ ಮುಖ್ಯನಾದವನು ಶಿವಾನಂದ, ಗದಗ ಕಡೆಯ ಹುಡುಗ. ಹುಟ್ಟಿನಿಂದಲೇ ಕಣ್ಣಿಲ್ಲ. ಪರದೆಯ ಮೇಲಿರುವುದನ್ನೆಲ್ಲ ಗಟ್ಟಿಯಾಗಿ ಓದಿ ಹೇಳುವ ಒಂದು ತಂತ್ರಾಂಶವನ್ನು ಕಿವಿಗೆ ಹಾಕಿಕೊಂಡು, ಕೀಬೋರ್ಡ್ ಒಂದರಿಂದಲೇ ಸೈಟುಗಳನ್ನು ಜಾಲಾಡಿಸುತ್ತಿದ್ದ. ತನ್ನ ಟಿಪ್ಪಣಿಗಳನ್ನು ದಪ್ಪ ಕಾಗದದ ಮೇಲೆ ಬ್ರೈಲ್‌ನಲ್ಲಿ ಚುಚ್ಚಿಟ್ಟುಕೊಂಡು ಬಲಗೈಯ ತೋರುಬೆರಳಿನಿಂದ ಸರಸರ ಓದುತ್ತಿದ್ದ. ಅವನ ಅಪ್ಪ ಪೈಲ್ವಾನರು. ಮಗನನ್ನೂ ಗರಡಿಯಲ್ಲೇ ಬೆಳೆಸಿದ್ದರು. ಹಾಗಾಗಿ ಕುರುಡ ಎಂದರೆ ಸಾಧು ಇರುತ್ತಾನೆ ಎಂದುಕೊಂಡು ಬಂದವರಿಗೆ ಅವನು ದೊಡ್ಡ ಆಘಾತ. ಬಾಯಿ ಬಿಟ್ಟರೆ ಬೆಂಕಿ. ಆಟೊದವನೊಬ್ಬ ದಾರಿ ತಪ್ಪಿಸಿ ಸುತ್ತಿಸಿದನೆಂದು ಅವನ ಕಾಲರ್ ಹಿಡಿದು ಗಾಡಿಯಿಂದ ಎಳೆದಿದ್ದ. ನನಗೆ ಅವನ ಮೇಲೆ ಪ್ರೀತಿಯೂ ಇತ್ತು, ಸ್ವಲ್ಪ ಭಯವೂ ಇತ್ತು.

ಅವನಿಗೆ ಕೆಳಗಿನ ಶೆಡ್ಡಿನವರೆಲ್ಲ ದೋಸ್ತರು. ಅದರಲ್ಲೂ ಸೆಲ್ವಂ. ಜ್ಯೇಷ್ಠದ ಒಂದು ಮಧ್ಯಾಹ್ನ ಸೆಲ್ವಂನ ಎಡಗೈಯ ಎರಡು ಬೆರಳು ಪ್ರೆಸ್ಸಿಗೆ ಸಿಕ್ಕಿ ಹೋಗಿದ್ದವು. ಆ ಕೂಗು ಕೇಳಿ ನಾವು ಮೇಲಿಂದ ಓಡಿದಾಗ ರಕ್ತದ ಮೇಲೆ ಯಾರೋ ಮರದ ಪುಡಿ ಎರಚುತ್ತಿದ್ದರು. ಆಸ್ಪತ್ರೆಯಿಂದ ಬಂದ ಮೇಲೆ ಸೆಲ್ವಂಗೆ ಸಿಗಬೇಕಾದ ಅಂಗವಿಕಲರ ಕಾರ್ಡು, ಪರಿಹಾರ ಎಲ್ಲಕ್ಕೂ ಶಿವಾನಂದನೇ ಅರ್ಜಿ ಹಾಕಿಸಿ, ಆಫೀಸಿಂದ ಆಫೀಸಿಗೆ ಜೊತೆಯಲ್ಲಿ ಅಲೆದಿದ್ದ.

ಅದೇ ದಿನಗಳಲ್ಲಿ ಚಿಕ್ಕಬಾಣಾವರದ ಆಚೆಯ ಒಂದು ಕಾಲೇಜು ನಮ್ಮ ಹತ್ತಿರ ಬಂತು. ಅದರ ಛೇರ್ಮನ್ ಆ ಊರಿನ ಹಳೆಯ ರೈತ ಕುಟುಂಬದವರು. ರಾಗಿ ಬೆಳೆಯುತ್ತಿದ್ದ ಹೊಲದಲ್ಲಿ ಕಾಲೇಜು ಕಟ್ಟಿಸಿದ್ದರು. ವ್ಯವಹಾರವನ್ನೆಲ್ಲ ನೋಡಿಕೊಳ್ಳುತ್ತಿದ್ದವನು ಅವರ ಅಳಿಯ ಲೋಕೇಶ. ಅವರಿಗೆ ನೋಟಿಸ್ ಬಂದದ್ದು ಸಹನಾ ಎಂಬ ಹುಡುಗಿಯ ದೂರಿನಿಂದ. ಅವಳು ಅಲ್ಲಿನ ಬಿ.ಎ. ವಿದ್ಯಾರ್ಥಿನಿ, ಅವಳಿಗೂ ಕಣ್ಣಿಲ್ಲ. ಪರೀಕ್ಷೆಗೆ ಹೆಸರು ನೋಂದಾಯಿಸುವ ಪುಟ ಅವಳ ಕಂಪ್ಯೂಟರಿನಲ್ಲಿ "ಬಟನ್, ಬಟನ್, ಬಟನ್" ಎಂದಷ್ಟೇ ಓದುತ್ತಿತ್ತು. ಯಾವ ಗುಂಡಿ ಯಾವುದಕ್ಕೆ ಎಂದು ಹೇಳುತ್ತಿರಲಿಲ್ಲ. ಕೊನೆಯಲ್ಲಿ ಚಿತ್ರದಲ್ಲಿರುವ ಸೊಟ್ಟ ಅಕ್ಷರಗಳನ್ನು ನೋಡಿ ಬರೆಯಬೇಕಿತ್ತು, ಅದಕ್ಕೆ ಧ್ವನಿಯೇ ಇರಲಿಲ್ಲ. ಬೇರೆ ದಾರಿ ಕಾಣದೆ ಅವಳು ಗುಮಾಸ್ತನೊಬ್ಬನ ಕೈಯಲ್ಲಿ ತುಂಬಿಸಿದಳು. ಅವನು ತಪ್ಪು ವಿಷಯ ಒತ್ತಿದ್ದ. ಪರೀಕ್ಷೆಯ ದಿನ ಕೊಠಡಿಯ ಬಾಗಿಲಲ್ಲಿ ಅವಳನ್ನು ತಡೆದರು. ಅವಳು ಬಿಟ್ಟುಕೊಡದೆ ಒಳಗೆ ನುಗ್ಗಲು ಹೋದಳು. ತಳ್ಳಾಟದಲ್ಲಿ ಮೆಟ್ಟಿಲ ಮೇಲೆ ಮುಖ ಅಡಿಯಾಗಿ ಬಿದ್ದಳು. ಒಂದು ವರ್ಷವೂ ಹೋಯಿತು, ಮುಂದಿನ ಹಲ್ಲೂ ಹೋಯಿತು. ಅವಳು ಅಳುತ್ತಾ ಮನೆಗೆ ಹೋಗದೆ ಸೀದಾ ಅಂಗವಿಕಲರ ಹಕ್ಕುಗಳನ್ನು ನೋಡಿಕೊಳ್ಳುವ ಅಧಿಕಾರಿಗೆ ದೂರು ಕೊಟ್ಟಳು.

ಮೊದಲ ಭೇಟಿಯಲ್ಲಿ ಲೋಕೇಶ ಬಹಳ ನಯವಾಗಿದ್ದ. ಕಚೇರಿಗೇ ಬಂದು, ಶಿವಾನಂದ ಬ್ರೈಲ್ ಓದುವುದನ್ನು ಪಕ್ಕದಲ್ಲೇ ನಿಂತು ನೋಡಿದ. "ಬೆರಳಲ್ಲೇ ಓದ್ತೀರಾ ಗುರು? ಸಕ್ಕತ್ ಕಣ್ರೀ," ಎಂದು ಮೆಚ್ಚಿಕೊಂಡ. ಯಾವ ಬೆರಳು ಎಂದೂ ಕೇಳಿದ. ಶಿವಾನಂದ ಎತ್ತಿ ತೋರಿಸಿದ.

ನಾವು ತೊಡಕುಗಳನ್ನೆಲ್ಲ ಬರೆದುಕೊಟ್ಟೆವು. ಅವರು ಮೇಲಿನ ಬಣ್ಣ ಬದಲಾಯಿಸಿ, ಮುಖಪುಟದಲ್ಲಿ ಗಾಲಿಕುರ್ಚಿಯ ಚಿತ್ರವೊಂದನ್ನು ಹಾಕಿ, ಎಲ್ಲ ಆಯಿತು ಎಂದರು. ವಿಚಾರಣೆ ಹತ್ತಿರ ಬಂದಿತ್ತು. ಸೈಟು ನಿಯಮದ ಪ್ರಕಾರ ಇದೆ ಎಂಬ ಪ್ರಮಾಣಪತ್ರ ಅವರಿಗೆ ಬೇಕಿತ್ತು. ಅದಕ್ಕೆ ನನ್ನದೂ ಶಿವಾನಂದನದೂ ಸಹಿ ಬೇಕು. ಪ್ರಭಾಕರ್ ನನ್ನ ಮೇಜಿನ ಹತ್ತಿರ ಬಂದು ತಗ್ಗಿದ ದನಿಯಲ್ಲಿ, "ಹಾಕ್ಬಿಡಿ ನಾಗವೇಣಿ. ಆಮೇಲೆ ಸರಿ ಮಾಡ್ಕೊಳ್ತಾರೆ. ಲೋಕಲ್ ಜನ, ಯಾಕೆ ಎದುರು ಹಾಕ್ಕೋಬೇಕು?" ಎಂದರು.

"ಒಳಗಡೆ ಏನೂ ಬದಲಾಗಿಲ್ಲ ಸಾರ್. ಹ್ಯಾಗೆ ಹಾಕ್ಲಿ?" ಎಂದೆ.

ಕೇಳಿಸಿಕೊಂಡ ಶಿವಾನಂದ ಫೋನೆತ್ತಿ ತಾನೇ ಲೋಕೇಶನಿಗೆ ಮಾಡಿದ. ನಾನು ಕಸಿದುಕೊಳ್ಳುವ ಮೊದಲೇ ಹೇಳಿಬಿಟ್ಟಿದ್ದ: "ನಿಮ್ಮ ಸೈಟು ಹೆಣ ಐತ್ರೀ. ಹೆಣಕ್ಕ ಹೊಸ ಅಂಗಿ ತೊಡಿಸಿದ್ರ ಎದ್ದು ನಡೀತದೇನು? ನಾ ಸಹಿ ಹಾಕಂಗಿಲ್ಲ. ಆ ಅಧಿಕಾರಿ ಮುಂದ ಬಂದು ಇದನ್ನ ಹೇಳ್ತೀನಿ."

ಆ ಕಡೆಯಿಂದ ಬಂದ ಬೈಗುಳ ನನಗೂ ಕೇಳಿಸಿತು. ಶಿವಾನಂದ ಅದಕ್ಕಿಂತ ದಪ್ಪ ಬೈಗುಳ ಒಂದನ್ನು ವಾಪಸು ಕೊಟ್ಟು ಫೋನಿಟ್ಟ.

ಮರುದಿನ ಮಧ್ಯಾಹ್ನ ಹಗಲೇ ಕತ್ತಲಾಗುವಂಥ ಮಳೆ. ಪ್ರಭಾಕರ್ ಊರಿನಲ್ಲಿರಲಿಲ್ಲ, ಉಳಿದವರು ಊಟಕ್ಕೆ ಹೋಗಿದ್ದರು. ನಾನು ಶಿವಾನಂದ ಇಬ್ಬರೇ. ಲೋಕೇಶ ಮೂವರನ್ನು ಕರೆದುಕೊಂಡು ಮೆಟ್ಟಿಲು ಹತ್ತಿ ಬಂದ. ಅವರ ರೇನ್‌ಕೋಟಿನಿಂದ ನೀರು ತೊಟ್ಟಿಕ್ಕುತ್ತಿತ್ತು. ಮಾತಿಲ್ಲದೆ ಒಬ್ಬ ಮೊದಲನೆಯ ಮೇಜಿನ ಮೇಲಿದ್ದ ಕಂಪ್ಯೂಟರನ್ನು ಎತ್ತಿ ನೆಲಕ್ಕೆ ಕುಕ್ಕಿದ.

"ಯಾರು ಬಂದಾರ ಅಕ್ಕಾರ?" ಎಂದು ಶಿವಾನಂದ ಎದ್ದು ನಿಂತ.

"ನೆನ್ನೆ ಫೋನಲ್ಲಿ ಏನೋ ಅಂದ್ಯಲ್ಲ ಮಗಾ, ಈಗ ಅನ್ನು," ಎಂದು ಲೋಕೇಶ ಅವನ ಕೆನ್ನೆಗೆ ಬಾರಿಸಿದ.

ಆ ಏಟು ಶಿವಾನಂದನಿಗೆ ಎದುರಾಳಿ ಎಲ್ಲಿದ್ದಾನೆ ಎಂದು ತೋರಿಸಿಕೊಟ್ಟಂತಾಯಿತು. ಒಮ್ಮೆ ಕೈಗೆ ಸಿಕ್ಕ ಮೇಲೆ ಅವನಿಗೆ ಕಣ್ಣು ಬೇಕಿರಲಿಲ್ಲ. ನಡುವೆ ನುಗ್ಗಿದವನೊಬ್ಬನ ಸೊಂಟ ಹಿಡಿದು, ಎತ್ತಿ, ಮೇಜಿನ ಅಂಚಿಗೆ ಒಗೆದ. ಅವನ ಪಕ್ಕೆ ಲಟಕ್ಕೆಂದಿತು. ಇನ್ನೊಬ್ಬನ ಕಿವಿಯನ್ನು ಹಲ್ಲಿನಲ್ಲಿ ಕಚ್ಚಿ ಹಿಡಿದ. ನಾನು ಕೂಗುತ್ತಿದ್ದೆ, ಕೆಳಗಿನ ಪ್ರೆಸ್ಸುಗಳ ಸದ್ದಿಗೆ ಯಾರಿಗೂ ಕೇಳಿಸಲಿಲ್ಲ. ಕೊನೆಗೆ ಹಿಂದಿನಿಂದ ಅವನ ಮಂಡಿಗೆ ಒದ್ದು ಕೆಡವಿದರು. ಇಬ್ಬರು ಮೈಮೇಲೆ ಕೂತರು. ಲೋಕೇಶ ಅವನ ಬಲಗೈಯನ್ನು ಎಳೆದು ಹೊಸ್ತಿಲಿಗೆ ತಂದ. ಅಲ್ಲಿ ಕಬ್ಬಿಣದ ಗ್ರಿಲ್ ಬಾಗಿಲಿತ್ತು.

"ಈ ಬೆರಳಲ್ಲಿ ತಾನೆ ಓದೋದು ನೀನು?" ಎಂದ.

ಬಾಗಿಲನ್ನು ಒಮ್ಮೆ ಅಪ್ಪಳಿಸಿದ. ಮತ್ತೆ ತೆರೆದು ಇನ್ನೊಮ್ಮೆ ಅಪ್ಪಳಿಸಿದ. ಮೊದಲ ಸಲ ಶಿವಾನಂದ ಕೂಗಲಿಲ್ಲ. ಎರಡನೆಯ ಸಲ ಅವನ ಗಂಟಲಿಂದ ಬಂದ ಸದ್ದಿಗೆ ನನ್ನ ಕೈಕಾಲಿಗೆ ಕಟ್ಟಿದ್ದ ಹಗ್ಗ ಹರಿದಂತಾಯಿತು. ಗೋಡೆಯಲ್ಲಿ ಬೆಂಕಿ ಆರಿಸುವ ಕೆಂಪು ಸಿಲಿಂಡರ್ ನೇತಾಡುತ್ತಿತ್ತು. ಕಿತ್ತುಕೊಂಡು ಎರಡೂ ಕೈಯಿಂದ ಲೋಕೇಶನ ಮೇಲೆ ಬೀಸಿದೆ. ಹೆಗಲಿನ ಎಲುಬು ಮುರಿದದ್ದು ನನ್ನ ಮೊಣಕೈವರೆಗೆ ತಿಳಿಯಿತು. ಅವನು ಕುಸಿದ. ನಾನು ಇನ್ನೊಮ್ಮೆ ಬೀಸಿದೆ. ಇದನ್ನು ಮುಂದೆ ಕೋರ್ಟಿನಲ್ಲೂ ಹೇಳಿದ್ದೇನೆ, ಇವತ್ತೂ ಹೇಳುತ್ತೇನೆ, ನನಗೆ ಅದರಲ್ಲಿ ನಾಚಿಕೆಯಿಲ್ಲ. ಅಷ್ಟರಲ್ಲಿ ಯಾರೋ ನನ್ನ ಕೂದಲು ಹಿಡಿದು ಹಣೆಯನ್ನು ಗೋಡೆಗೆ ಗುದ್ದಿಸಿದರು. ಓಲೆಯ ಸಮೇತ ಕಿವಿ ಹರಿಯಿತು. ಸಿಲಿಂಡರ್ ಮೆಟ್ಟಿಲ ಮೇಲಿಂದ ದಡದಡ ಉರುಳಿ ಶೆಡ್ಡಿನೊಳಗೆ ಬಿತ್ತು.

ಆ ಸದ್ದಿಗೇ ಕೆಳಗಿನವರು ಬಂದದ್ದು. ಸೆಲ್ವಂ ಮುಂದಿದ್ದ. ಅವನ ಹಿಂದೆ ಏಳೆಂಟು ಜನ, ಕೈಯಲ್ಲಿ ಸರಳು, ಸ್ಪ್ಯಾನರ್. ಹೊಸ್ತಿಲಲ್ಲಿ ಬಿದ್ದಿದ್ದ ಶಿವಾನಂದನ ಕೈಯನ್ನು ಸೆಲ್ವಂ ನೋಡಿದ. ಮುಂದೆ ಏನು ನಡೆಯಿತೆಂದು ನಾನು ಸರಿಯಾಗಿ ಕಾಣಲಿಲ್ಲ, ಕಣ್ಣಿಗೆ ರಕ್ತ ಇಳಿಯುತ್ತಿತ್ತು. ಕಬ್ಬಿಣ ಮಾಂಸಕ್ಕೆ ಬೀಳುವ ಸದ್ದು, ಬೇಡ ಅಣ್ಣ ಬೇಡ ಅಣ್ಣ ಎನ್ನುವ ಅಳು, ಮೆಟ್ಟಿಲ ಮೇಲೆ ಯಾರನ್ನೋ ಎಳೆದುಕೊಂಡು ಹೋಗುವ ಸದ್ದು. ಲೋಕೇಶನ ಕಡೆಯ ಮೂವರೂ ಮಳೆಯಲ್ಲಿ ಬಿದ್ದು ಎದ್ದು ಓಡಿಹೋದರು. ಲೋಕೇಶ ಓಡಲಾರದವನಾಗಿದ್ದ. ಅವನನ್ನು ಶೆಡ್ಡಿನೊಳಗೆ ಒಯ್ದಿದ್ದರು.

ನಾನು ಗೋಡೆ ಹಿಡಿದು ಇಳಿದೆ. ದೊಡ್ಡ ಪ್ರೆಸ್ಸಿನ ಚಕ್ರ ತಿರುಗುತ್ತಲೇ ಇತ್ತು. ಇಬ್ಬರು ಲೋಕೇಶನನ್ನು ಹಿಡಿದಿದ್ದರು. ಸೆಲ್ವಂ ಅವನ ಬಲಗೈಯನ್ನು ಮಣಿಕಟ್ಟಿನಲ್ಲಿ ಹಿಡಿದು ಪ್ರೆಸ್ಸಿನ ಅಚ್ಚಿನ ಕೆಳಗೆ ಇಟ್ಟಿದ್ದ. ಸೆಲ್ವಂನ ಬಲಗಾಲು ಪೆಡಲಿನ ಹತ್ತಿರ ಇತ್ತು. ತುಳಿದರೆ ಮುಗಿಯಿತು. ಲೋಕೇಶ ಅಳುವುದನ್ನೂ ನಿಲ್ಲಿಸಿ, ಬಾಯಿ ತೆರೆದುಕೊಂಡು ತನ್ನ ಕೈಯನ್ನೇ ನೋಡುತ್ತಿದ್ದ. ತುಳಿಯಲಿ ಎಂದು ನನ್ನೊಳಗೆ ಯಾರೋ ಹೇಳುತ್ತಿದ್ದರು.

ಹಿಂದಿನಿಂದ ಶಿವಾನಂದನ ದನಿ ಬಂತು. ಅವನು ಮೊಣಕೈಯಿಂದ ಕಂಬಿ ತಡವಿಕೊಂಡು ಒಂದೊಂದೇ ಮೆಟ್ಟಿಲಿಳಿದು ಬಂದಿದ್ದ. ಬಲಗೈ ಎದೆಗೆ ಒತ್ತಿಕೊಂಡಿದ್ದ, ಅಂಗಿಯೆಲ್ಲ ಕೆಂಪಾಗಿತ್ತು.

"ಸೆಲ್ವಂ, ಏನ್ ಮಾಡಾಕತ್ತಿ?"

"ನೀನ್ ಸುಮ್ನಿರಣ್ಣ. ಇವ್ನ ಕೈ ಇಟ್ಟಿದೀನಿ. ನಿನ್ಗೋಸ್ಕರ."

"ನನ್ನ ಸಲುವಾಗಿ ಆದ್ರ ಬ್ಯಾಡ."

"ನಿನ್ ಬೆರಳು ನೋಡ್ದೆ ಅಣ್ಣ. ಬಿಡಲ್ಲ ಇವ್ನ."

"ನಿನ್ನ ಬೆರಳು ಹೋದ ದಿನ ನಾ ಮ್ಯಾಲ ಇದ್ದೆ," ಎಂದ ಶಿವಾನಂದ. "ನಿನ್ನ ಕೂಗು ಇನ್ನೂ ಕಿವ್ಯಾಗಿಂದ ಹೋಗಿಲ್ಲ. ಅಂಥಾದ್ದು ಇನ್ನೊಂದು ನನಗ ಕೇಳಿಸಬ್ಯಾಡೋ. ನೀವಾದ್ರ ಕಣ್ಣು ಮುಚ್ಕೊಂತೀರಿ. ನಾ ಕಿವಿ ಮುಚ್ಕೊಳ್ಳಾಕ ಈಗ ಕೈ ಸೈತ ಇಲ್ಲ."

ಚಕ್ರದ ಸದ್ದೊಂದೇ. ಆಗ ನಾನು ಹೆಜ್ಜೆ ಮುಂದಿಟ್ಟೆ. ಪ್ರೆಸ್ಸಿನ ಪಕ್ಕದ ಕೆಂಪು ಗುಂಡಿಯನ್ನು ಅಂಗೈಯಿಂದ ಗುದ್ದಿದೆ. ಕರೆಂಟು ಹೋದರೂ ಆ ಚಕ್ರ ತಕ್ಷಣ ನಿಲ್ಲುವುದಿಲ್ಲ, ನಿಲ್ಲುವವರೆಗೂ ಪೆಡಲು ತುಳಿದರೆ ಅಚ್ಚು ಬೀಳುತ್ತದೆ. ನಿಧಾನವಾಗಿ, ಬಹಳ ನಿಧಾನವಾಗಿ ಅದು ತಿರುಗುವುದನ್ನು ನಾವೆಲ್ಲ ನೋಡುತ್ತ ನಿಂತೆವು. ಪೆಡಲಿನಿಂದ ಕಾಲು ದೂರ ಸರಿಯುವವರೆಗೂ ನಾನು ಸೆಲ್ವಂನ ತೋಳು ಹಿಡಿದೇ ಇದ್ದೆ. ಚಕ್ರ ನಿಂತ ಮೇಲೆ ಅವನು ಲೋಕೇಶನ ಕೈ ಬಿಟ್ಟ. ಅವನ ಹೊಟ್ಟೆಗೆ ಒಮ್ಮೆ ಒದ್ದ. ಆಮೇಲೆ ಮೂಲೆಗೆ ಹೋಗಿ ವಾಂತಿ ಮಾಡಿಕೊಂಡ.

ಪೊಲೀಸರು ಬಂದರು, ಆಂಬುಲೆನ್ಸ್ ಬಂತು. ನನ್ನ ಹಣೆಗೂ ಕಿವಿಗೂ ಹೊಲಿಗೆ ಬಿತ್ತು. ಶಿವಾನಂದನ ಬೆರಳುಗಳಿಗೆ ತಂತಿ ಹಾಕಿ ಕೂಡಿಸಿದರು. ಮೂಳೆ ಕೂಡುತ್ತದೆ, ಆದರೆ ತೋರುಬೆರಳಿನ ತುದಿಯ ನರ ಸತ್ತಿದೆ, ಅಲ್ಲಿ ಸ್ಪರ್ಶ ಬರುವುದಿಲ್ಲ ಎಂದು ಡಾಕ್ಟರು ಹೇಳಿದರು. ಅದನ್ನು ಕೇಳಿ ಅವನು ಊಟದ ತಟ್ಟೆಯನ್ನು ಗೋಡೆಗೆ ಎಸೆದ. ನರ್ಸು ಬಂದರೆ ಅವಳನ್ನು ಬೈದ. ಅವನ ಅಮ್ಮ ಗದಗಿನಿಂದ ಬಂದು ತುತ್ತು ಮಾಡಿ ಬಾಯಿಗಿಟ್ಟರೆ ಮುಖ ತಿರುಗಿಸಿದ. ಕೊನೆಗೊಂದು ದಿನ ತಾನಾಗಿಯೇ ಬ್ರೈಲ್ ಹಾಳೆಯೊಂದನ್ನು ತರಿಸಿಕೊಂಡು ಎಡಗೈ ಇಟ್ಟ. ಒಂದೊಂದು ಅಕ್ಷರಕ್ಕೂ ತಡವರಿಸಿದ.

"ಸಾಲ್ಯಾಗ ಒಂದನೇ ಇಯತ್ತೆಗೆ ಬಂದು ಕುಂತೆ ನೋಡ್ರಿ ಅಕ್ಕಾರ," ಎಂದ.

ಲೋಕೇಶನ ಕಡೆಯವರು ನಮ್ಮ ಮೇಲೂ ಕೇಸು ಹಾಕಿದರು. ನನ್ನ ಹೆಸರು, ಸೆಲ್ವಂನ ಹೆಸರು. ಶ್ರಾವಣ ಪೂರ್ತಿ ನನಗೆ ಸ್ಟೇಷನ್ನು, ವಕೀಲರ ಆಫೀಸು. ನನ್ನ ಗಂಡ ಮೊದಮೊದಲು, "ರಾಜಿ ಮಾಡ್ಕೊಂಡ್ಬಿಡು ವೇಣಿ, ಮಕ್ಕಳಿದಾರೆ," ಎನ್ನುತ್ತಿದ್ದವರು, ಆಸ್ಪತ್ರೆಯಲ್ಲಿ ಆ ಕೈಯನ್ನು ನೋಡಿ ಬಂದ ಮೇಲೆ ಹಾಗೆ ಹೇಳಲಿಲ್ಲ. ಛೇರ್ಮನ್ ಒಂದು ಸಂಜೆ ಜಾಲಹಳ್ಳಿಯ ನಮ್ಮ ಫ್ಲ್ಯಾಟಿಗೆ ಬಂದರು. ವಯಸ್ಸಾದವರು, ಬಿಳಿ ಪಂಚೆ. ಕುರ್ಚಿಯ ತುದಿಯಲ್ಲಿ ಕೂತು, "ಅವ್ನು ಅಂಗೆ ಮಾಡ್ಬಾರ್ದಿತ್ತು ಕಣವ್ವ. ನಾನು ಇಂಗಾಯ್ತದೆ ಅಂತ ಕನಸ್ನಾಗೂ ಅಂದ್ಕೊಂಡಿರ್ಲಿಲ್ಲ. ಮಗಳ ಮಕ ನೋಡಿ ಕೇಳ್ತಾ ಇವ್ನಿ, ಕೇಸು ವಾಪಸ್ ತಗೊಳ್ರವ್ವ," ಎಂದರು.

"ಕೈ ಅವನದು. ಅವನನ್ನೇ ಕೇಳಿ," ಎಂದೆ.

ಅವರು ಕೇಳಿದರಂತೆ. ಶಿವಾನಂದ ಒಪ್ಪಲಿಲ್ಲ. ಲೋಕೇಶ ಕೆಲವು ತಿಂಗಳು ಒಳಗಿದ್ದು ಜಾಮೀನಿನ ಮೇಲೆ ಬಂದ. ಎರಡೂ ಕಡೆಯ ಕೇಸು ಈಗಲೂ ನಡೆಯುತ್ತಿದೆ.

ಭಾದ್ರಪದದಲ್ಲಿ ಸಹನಾಳ ದೂರಿನ ವಿಚಾರಣೆ ನಡೆಯಿತು. ಅಧಿಕಾರಿಯ ಎದುರು ಅವಳು ಲ್ಯಾಪ್‌ಟಾಪ್ ತೆರೆದು ಆ ಪುಟವನ್ನು ಗಟ್ಟಿಯಾಗಿ ಓದಿಸಿದಳು. "ಬಟನ್, ಬಟನ್, ಬಟನ್." ಅಧಿಕಾರಿ ಇದರಲ್ಲಿ ಯಾವುದು ಯಾವುದು ಎಂದು ಕೇಳಿದರು. "ನನಗೂ ಅದೇ ಗೊತ್ತಾಗ್ತಿಲ್ಲ ಸಾರ್," ಎಂದಳು, ಹೋದ ಹಲ್ಲಿನ ಸಂದಿಯಲ್ಲಿ ಮಾತು ಸ್ವಲ್ಪ ಸೋರುತ್ತಿತ್ತು. ಕಾಲೇಜು ಎಲ್ಲವನ್ನೂ ಸರಿಪಡಿಸಿ ಸೈಟನ್ನು ಮತ್ತೆ ಪರೀಕ್ಷೆ ಮಾಡಿಸಬೇಕು, ಅಲ್ಲಿಯವರೆಗೆ ಯಾವ ನೋಂದಣಿಯೂ ಆಗಕೂಡದು ಎಂದು ಆದೇಶವಾಯಿತು. ಯಾರು ಪರೀಕ್ಷೆ ಮಾಡಬೇಕು ಎಂಬ ಮಾತು ಬಂದಾಗ, ಶಿವಾನಂದ ಸಹಿ ಹಾಕದೆ ಪೆಟ್ಟು ತಿಂದದ್ದನ್ನು ಕೇಳಿದ್ದ ಸಹನಾ, "ಬೇರೆ ಯಾರನ್ನ ಬೇಕಾದ್ರೂ ಜೊತೆಗೆ ಕೂರಿಸಿ. ಆದ್ರೆ ಶಿವಾನಂದ್ ಸರ್ ಸರಿ ಇದೆ ಅಂದ್ರೆ ಮಾತ್ರ ನಾನು ನಂಬೋದು," ಎಂದಳು.

ನಾನು ಬೇಡವೆಂದೆ. ಪ್ರಭಾಕರ್ ಕೈಮುಗಿದು ಬೇಡವೆಂದರು. ಶಿವಾನಂದ ಹೋಗುತ್ತೇನೆಂದ.

ದಸರೆ ಕಳೆದು ಮಳೆ ಹಿಂದೆ ಸರಿಯುತ್ತಿದ್ದ ದಿನಗಳು. ಕಾಲೇಜಿನ ಕಂಪ್ಯೂಟರ್ ಲ್ಯಾಬಿನಲ್ಲಿ ಅಧಿಕಾರಿಯ ಕಡೆಯ ಇನ್ನೊಬ್ಬ ಪರೀಕ್ಷಕರು, ಛೇರ್ಮನ್, ಸಹನಾ, ನಾನು. ಶಿವಾನಂದ ಎಡಗೈಯೊಂದರಿಂದಲೇ ಕೀಬೋರ್ಡ್ ಒತ್ತುತ್ತ ಕೂತ. ಬಲಗೈ ಮಡಿಲಲ್ಲಿತ್ತು. ಬೆರಳುಗಳು ಕೊಕ್ಕೆಯಂತೆ ಸೆಟೆದಿದ್ದವು. ಇನ್ನೊಬ್ಬ ಪರೀಕ್ಷಕರು ತಮ್ಮ ಕೆಲಸ ಬೇಗ ಮುಗಿಸಿ ಎಲ್ಲ ಸರಿಯಿದೆ ಎಂದು ಎದ್ದರು. ಶಿವಾನಂದ ಏಳಲಿಲ್ಲ. ಮೊದಲಿನಿಂದ ಮತ್ತೆ ಶುರುಮಾಡಿದ. ಮುಗಿಸಿ ಮತ್ತೊಮ್ಮೆ. ಅವನ ದವಡೆ ಬಿಗಿದಿತ್ತು, ಹಣೆಯಲ್ಲಿ ಬೆವರಿತ್ತು. ನಾನು ಹತ್ತಿರ ಹೋಗಿ, "ಏನಾದ್ರೂ ತೊಂದ್ರೆ ಇದೆಯಾ?" ಎಂದು ಕೇಳಿದೆ.

"ಎಲ್ಲೆರ ಒಂದು ತಪ್ಪು ಸಿಕ್ಕೀತು ಅಂತ ಹುಡುಕಾಕತ್ತೀನಿ," ಎಂದು ಪಿಸುಗುಟ್ಟಿದ. "ಒಂದ ಒಂದು ಸಿಕ್ರ ಸಾಕಿತ್ತು."

ಸ್ವಲ್ಪ ಹೊತ್ತಿನ ಮೇಲೆ ಕಿವಿಯಿಂದ ಇಯರ್‌ಫೋನ್ ಕಿತ್ತು ಮೇಜಿನ ಮೇಲಿಟ್ಟ.

"ಬರೀರಿ ಅಕ್ಕಾರ."

"ಏನಂತ?"

"ಸರಿ ಐತಿ ಅಂತ. ಆವಾಗಿಂದು ಸುಳ್ಳಿತ್ತು, ಈಗಿಂದು ಖರೆ ಐತಿ. ಸಹಿ ಎಲ್ಲಿ ಹಾಕ್ಬೇಕು, ಕೈ ಹಿಡಿದು ತೋರಸ್ರಿ."

ಅವನ ಎಡಗೈ ಹಿಡಿದು ಕಾಗದದ ಮೇಲಿಟ್ಟೆ. ಸಹಿ ಹಾಕಿದ. ಛೇರ್ಮನ್ ಎದ್ದು ನಿಂತು ಕೈಮುಗಿದರು. ಅದು ಅವನಿಗೆ ಕಾಣುವುದಿಲ್ಲ ಎಂದು ಆಮೇಲೆ ಹೊಳೆದಿರಬೇಕು, ಕೈ ಇಳಿಸಿದರು. ಶಿವಾನಂದ ನನ್ನ ಭುಜ ಹಿಡಿದು ವರಾಂಡಕ್ಕೆ ಬಂದ. ನಾಲ್ಕು ಹೆಜ್ಜೆ ನಡೆದವನು ನಿಂತು ಎಡಗೈ ಮುಷ್ಟಿ ಮಾಡಿ ಗೋಡೆಗೆ ಗುದ್ದಿದ. ಗಾರೆ ಉದುರಿತು. ಇನ್ನೊಮ್ಮೆ ಗುದ್ದಲು ಎತ್ತಿದಾಗ ಎರಡೂ ಕೈಯಿಂದ ಆ ಮುಷ್ಟಿಯನ್ನು ಹಿಡಿದುಕೊಂಡೆ.

"ಇರೋದು ಇದೊಂದೇ ಕಣೋ," ಎಂದೆ.

ಅವನು ಬಿಡಿಸಿಕೊಳ್ಳಲು ಎಳೆದಾಡಿದ. ಒಳಗೆ ಸಹನಾ ತನ್ನ ಕುರ್ಚಿಯನ್ನು ಸರಿಸಿಕೊಂಡು ಕೂತ ಸದ್ದು ಕೇಳಿತು. ಅವಳ ಕಂಪ್ಯೂಟರ್ ಗಟ್ಟಿಯಾಗಿ ಓದತೊಡಗಿತು. ಅವಳ ಹೆಸರು. ಅವಳ ತರಗತಿ. ಇತಿಹಾಸ, ಆಯ್ಕೆಯಾಗಿದೆ. ರಾಜ್ಯಶಾಸ್ತ್ರ, ಆಯ್ಕೆಯಾಗಿದೆ. ಕನ್ನಡ, ಆಯ್ಕೆಯಾಗಿದೆ. ಶಿವಾನಂದ ಎಳೆಯುವುದನ್ನು ನಿಲ್ಲಿಸಿ ಆ ಕಡೆಗೆ ಕಿವಿ ತಿರುಗಿಸಿದ. ನೋಂದಣಿ ಮುಗಿಯಿತು ಎಂದು ಕಂಪ್ಯೂಟರ್ ಹೇಳುವ ಹೊತ್ತಿಗೆ ಅವನ ಮುಷ್ಟಿ ನನ್ನ ಕೈಯೊಳಗೆ ಮೆಲ್ಲಗೆ ಬಿಚ್ಚಿಕೊಂಡಿತ್ತು.